ಜೋಳದ ಹೊಸ್ತು

ಗೋಪಾಳದ ನಮ್ಮ ಮನೆಯ ಮಹಡಿ ಕೋಣೆಗೆ ಆ ಮಳೆಗಾಲ ಬಾಡಿಗೆಗೆ ಬಂದವಳು ಅಮೆರಿಕದ ಚೆರೋಕಿ ಬುಡಕಟ್ಟಿನ ಹೆಂಗಸು. ಹೊಳೆದಂಡೆಯಲ್ಲಿ ಬೆಳೆಯುವ ಸಣ್ಣ ಬಿದಿರಿನಿಂದ ಬುಟ್ಟಿ ಹೆಣೆಯುವುದು ಅವಳಿಗೆ ತಾಯಿ, ಅಜ್ಜಿಯಿಂದ ಬಂದ ಕೆಲಸ. ನಮ್ಮ ಕಡೆಯ ಹೆಣಿಗೆ ನೋಡಲು ದಿನಾ ಬಸ್ಸು ಹತ್ತಿ ಭದ್ರಾವತಿಯ ಮೇದಾರರ ಕೇರಿಗೆ ಹೋಗುತ್ತಿದ್ದಳು. ತಲೆಗೆ ಗರಿ ಸಿಕ್ಕಿಸಿಕೊಂಡವಳು ಬರುತ್ತಾಳೆಂದು ಕಾದಿದ್ದ ಅಕ್ಕಪಕ್ಕದವರಿಗೆ ಚೂಡಿದಾರ್ ತೊಟ್ಟು ಕೊಡೆ ಹಿಡಿದು ಬಂದವಳನ್ನು ಕಂಡು ನಿರಾಸೆಯೇ ಆಯಿತು. ನಾನಾಗ ಕಾಲೇಜಿನಲ್ಲಿದ್ದೆ. ಅವಳ ಇಂಗ್ಲಿಷನ್ನು ಅಮ್ಮನಿಗೆ, ಅಮ್ಮನ ಕನ್ನಡವನ್ನು ಅವಳಿಗೆ ದಾಟಿಸುವ ಕೆಲಸ ನನ್ನದು. ನನಗದು ಬಲು ಇಷ್ಟವಾಗಿತ್ತು.

ಬಂದ ವಾರವೇ ಅವಳು ಹಿತ್ತಲಲ್ಲಿ ಮಣ್ಣು ಗುಡ್ಡೆ ಹಾಕಿ ಮುಸುಕಿನ ಜೋಳ, ಅಲಸಂದೆ, ಕುಂಬಳ ಮೂರನ್ನೂ ಒಟ್ಟಿಗೆ ಊರಿದಳು. ಇವು ಮೂವರು ಅಕ್ಕತಂಗಿಯರು, ಬಿಟ್ಟಿರುವುದಿಲ್ಲ ಎಂದಳು. ಅವರಲ್ಲಿ ಮಕ್ಕಳು ತಾಯಿಯ ಕುಲಕ್ಕೇ ಸೇರುತ್ತಾರಂತೆ, ಮದುವೆಯಾದರೂ ಹೆಣ್ಣಿನ ಕುಲ ಬದಲಾಗುವುದಿಲ್ಲವಂತೆ. "ನಿಮಗೆ ಅಕ್ಕತಂಗಿಯರಿಲ್ಲವೆ?" ಎಂದು ಅವಳು ಕೇಳಿದಾಗ ಅಮ್ಮ, "ಒಲೆ ಮೇಲೆ ಹಾಲಿಟ್ಟಿದ್ದೆ" ಎನ್ನುತ್ತ ಎದ್ದುಹೋದಳು.

ಭದ್ರಾವತಿಯಲ್ಲಿ ಚಿಕ್ಕಮ್ಮ ಇದ್ದಳು. ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಅವಳು ಖುದ್ದಾಗಿ ಬಂದು ಅರಿಶಿನ ಕುಂಕುಮ ಕೊಟ್ಟು ಕರೆಯದೆ, ಯಾರದೋ ಕೈಲಿ ಕಾರ್ಡು ಕಳಿಸಿದ್ದಳು. ಅಮ್ಮ ಹೋಗಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದು ಬಸ್ಸಿನ ದಾರಿ, ಆದರೂ ಆ ಮನೆಯನ್ನು ಅಮ್ಮ ನೋಡಿಯೇ ಇರಲಿಲ್ಲ.

ಮೊದಲ ತೆನೆ ಬಲಿತ ದಿನ ಅಮ್ಮ ಅದನ್ನು ಮುರಿದು, ಬಚ್ಚಲ ಒಲೆಯ ಕೆಂಡದಲ್ಲಿ ಸುಟ್ಟು, ಉಪ್ಪು ಖಾರ ನಿಂಬೆಹುಳಿ ಹಚ್ಚಿ ಅವಳ ಮುಂದಿಟ್ಟಳು. ಅವಳು ತಟ್ಟೆಯನ್ನು ಮೆಲ್ಲಗೆ ಸರಿಸಿ ಮಹಡಿ ಹತ್ತಿದಳು.

"ನನ್ ಕೈ ಅಡುಗೆ ಅವ್ಳಿಗೆ ಸೇರಲ್ಲ, ಬಿಡು," ಎಂದು ಅಮ್ಮ ಮುಖ ಊದಿಸಿಕೊಂಡಳು. ಮುನಿಸಿನಲ್ಲಿ ಅಮ್ಮನನ್ನು ಮೀರಿಸುವವರು ಜಿಲ್ಲೆಯಲ್ಲೇ ಇರಲಿಲ್ಲ.

ನಾನು ಮೇಲೆ ಹೋಗಿ ಕೇಳಿದೆ. ಹೊಸ ಜೋಳದ ಹಬ್ಬವಾಗುವ ತನಕ ಅವರು ಹೊಸ ತೆನೆ ಬಾಯಿಗಿಡುವುದಿಲ್ಲವಂತೆ. ಹಬ್ಬಕ್ಕೆ ಮನೆ ಗುಡಿಸಿ, ಹಳೇ ಬೆಂಕಿ ಆರಿಸಿ ಹೊಸದು ಹೊತ್ತಿಸಬೇಕು, ಹೊಳೆಯಲ್ಲಿ ಮೀಯಬೇಕು, ಹಳೆಯ ಜಗಳಗಳನ್ನೆಲ್ಲ ಮನ್ನಿಸಿ ಮುಗಿಸಬೇಕು. ಎಲ್ಲರೂ ಕೂಡಿ ಮಾಡುವ ಹಬ್ಬ, ಇಲ್ಲಿ ನಾನೊಬ್ಬಳೇ ಎನ್ನುವಾಗ ಅವಳ ಕಣ್ಣು ತುಂಬಿತ್ತು.

ಕೇಳಿದ್ದೇ ಅಮ್ಮ ಹಣೆ ಚಚ್ಚಿಕೊಂಡಳು. ಅಮ್ಮನ ತವರಿನಲ್ಲೂ ಹೊಸ್ತಿನ ಹಬ್ಬ ಮಾಡದೆ ಯಾರೂ ಹೊಸ ಅಕ್ಕಿಯ ಅನ್ನ ಉಣ್ಣುವುದಿಲ್ಲ. ಮೆಟ್ಟಿಲ ಬುಡದಲ್ಲೇ ನಿಂತು ಕೂಗಿದಳು.

"ಹೊಸ್ತಾಗದೆ ಕೊಟ್ಬಿಟ್ನಲ್ಲ! ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ? ಒಬ್ಳೇ ಯಾಕೆ, ನಾವಿಲ್ವಾ? ಇಲ್ಲೇ ಮಾಡೋಣ."

ಮನೆ ತೊಳೆದದ್ದಾಯಿತು. ಬಚ್ಚಲ ಒಲೆ ಆರಿಸಿ ಬೂದಿ ತೆಗೆದದ್ದಾಯಿತು. ದೇವರ ದೀಪ ಮಾತ್ರ ಆರಿಸುವುದಿಲ್ಲ ಎಂದಳು ಅಮ್ಮ. ಗ್ಯಾಸಿನ ಬೆಂಕಿ ಹೇಗೂ ದಿನಾ ಹೊಸದೇ ಎಂದೂ ಹೇಳಿದಳು. ತುಂಗೆ ಕೆಂಪಾಗಿ ತುಂಬಿ ಹರಿಯುತ್ತಿದ್ದುದರಿಂದ ಹೊಳೆಯ ಮೆಟ್ಟಿಲ ಮೇಲೆ ಕೂತು ತಂಬಿಗೆಯಲ್ಲಿ ಮೀಯುವುದೆಂದು ತೀರ್ಮಾನವಾಯಿತು.

"ಇನ್ನೇನ್ ಬಾಕಿ?" ಎಂದಳು ಅಮ್ಮ.

"ಜಗಳ," ಎಂದೆ.

"ಅದು ಅವ್ಳು ಹೇಳಿದ್ದೋ, ನೀನ್ ಸೇರ್ಸಿದ್ದೋ?"

"ಅವ್ಳೇ ಹೇಳಿದ್ದು. ಬೇಕಾದ್ರೆ ಕೇಳು."

ಅಮ್ಮ ಕೇಳಲಿಲ್ಲ. ಸೊಪ್ಪು ಬಿಡಿಸುತ್ತ ಕೂತಳು. ಮಾರನೆಯ ದಿನ ಬುಟ್ಟಿ ನೋಡಲು ಹೊರಟವಳ ಜೊತೆ ತಾನೂ ಸೀರೆ ಬದಲಿಸಿ ನಿಂತಳು. ನನ್ನನ್ನೂ ಹೊರಡಿಸಿದಳು. ಭದ್ರಾವತಿಯಲ್ಲಿ ಇಳಿದು ವಿಳಾಸ ಕೇಳುತ್ತ ನಮ್ಮ ಮುಂದೆ ನಡೆದಳು.

ಬಾಗಿಲು ತೆರೆದ ಚಿಕ್ಕಮ್ಮ ನಮ್ಮನ್ನು ನೋಡಿ ನಿಂತಲ್ಲೇ ನಿಂತಳು. ಅಮ್ಮ ಅವಳ ಮುಖ ನೋಡದೆ ಕುಂಕುಮದ ಭರಣಿ ಮುಂದೆ ಹಿಡಿದಳು.

"ನಾಳೆ ನಮ್ಮನೇಲಿ ಹೊಸ್ತು. ಅಕ್ಕೀದಲ್ಲ, ಜೋಳದ್ದು. ಕರಿಯೋಕ್ ಬಂದೆ."

ಚಿಕ್ಕಮ್ಮ ಕುಂಕುಮ ಇಟ್ಟುಕೊಂಡಳು. "ಬರ್ತೀನಿ ಅಕ್ಕ. ನೀನ್ ಮೊದ್ಲು ಒಳಗ್ ಬಾ."

ಅಮ್ಮ ಚಪ್ಪಲಿ ಬಿಟ್ಟು, ಬಲಗಾಲಿಟ್ಟು, ತಂಗಿಯ ಮನೆಯೊಳಗೆ ಹೋದಳು.