ಷಡ್ಡಕನ ಮೂತ್ರಕೋಶ

ಒಂದೇ ಮನೆಯ ಅಕ್ಕತಂಗಿಯರನ್ನು ಮದುವೆಯಾದ ಷಡ್ಡಕರಿಬ್ಬರನ್ನು ತೂಗಿ ನೋಡದ ಮಾವನ ಮನೆ ಮೈಸೂರು ಸೀಮೆಯಲ್ಲೇ ಇಲ್ಲ. ಕುಂಬಾರಕೊಪ್ಪಲಿನಲ್ಲಿ ಊದುಬತ್ತಿ ಅಂಗಡಿ ಇಟ್ಟುಕೊಂಡಿದ್ದ ಕರಿಬಸವಯ್ಯನವರು ಆ ತಕ್ಕಡಿಯಲ್ಲಿ ಯಾವಾಗಲೂ ಹಗುರವಾಗಿ ಮೇಲೆದ್ದವರು. ಕುವೆಂಪುನಗರದಲ್ಲಿ ಮನೆ ಕಟ್ಟಿಸಿದ್ದು ಷಡ್ಡಕ ಮಹದೇವಪ್ರಸಾದ್. ಮೊದಲು ಕಾರು ತಂದದ್ದೂ ಅವರೇ. ಅದನ್ನೆಲ್ಲ ಕರಿಬಸವಯ್ಯ ಹೇಗೋ ನುಂಗಿಕೊಂಡಿದ್ದರು. ಕಾಯಿಲೆಯ ವಿಚಾರ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಇಪ್ಪತ್ತು ವರ್ಷದ ಹಿಂದೆ ಅವರ ಮೂತ್ರಕೋಶದಲ್ಲಿ ಕ್ಯಾನ್ಸರ್ ಸಿಕ್ಕಿದಾಗ ಅದು ಆಳಕ್ಕೆ ಇಳಿದಿತ್ತು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ದು ಕೋಶವನ್ನೇ ತೆಗೆದರು. ಅಂದಿನಿಂದ ಮೂತ್ರ ಹರಿಯುವುದು ಹೊಟ್ಟೆಯ ಬಲಗಡೆ ಅಂಟಿಸಿದ ಚೀಲಕ್ಕೆ. ಬೇರೆ ದಾರಿಯನ್ನು ಅವರಿಗೆ ಯಾರೂ ಹೇಳಲಿಲ್ಲ. ಹೆಂಡತಿ ಪಾರ್ವತಮ್ಮನನ್ನು ಬಿಟ್ಟರೆ ಆ ಚೀಲವನ್ನು ಅವರು ಮನೆಯವರ್ಯಾರಿಗೂ ತೋರಿಸಿದವರಲ್ಲ.

ಹೋದ ವರ್ಷ ಅದೇ ಕಾಯಿಲೆ ಪ್ರಸಾದರಿಗೂ ಬಂತು. ಬೇಗ ಗೊತ್ತಾಯಿತು. ಕ್ಯಾಮೆರಾ ಇಳಿಸಿ ಗಡ್ಡೆ ಕೆರೆದು ತೆಗೆದರು. ಆಮೇಲೆ ವಾರಕ್ಕೊಮ್ಮೆ, ಹಸುಗೂಸುಗಳಿಗೆ ಕ್ಷಯ ಬಾರದಿರಲೆಂದು ಚುಚ್ಚುವ ಬಿಸಿಜಿ ಮದ್ದನ್ನೇ ಮೂತ್ರಕೋಶದೊಳಕ್ಕೆ ಬಿಟ್ಟರು. ಷಡ್ಡಕ ಅದನ್ನು ಮುಗಿಸಿಕೊಂಡು, ತಾವೇ ಕಾರು ಓಡಿಸಿಕೊಂಡು ಬಂದು ಕಾಫಿ ಕುಡಿದು ಹೋದ ದಿನ ಕರಿಬಸವಯ್ಯನವರಿಗೆ ಅನ್ನ ಸೇರಲಿಲ್ಲ.

"ಕಾಯಿಲೇಲೂ ಅವ್ನಿಗೇ ಒಳ್ಳೇದು ಸಿಕ್ತಲ್ಲೇ!"

"ಥೂ, ಇದಕ್ಕೂ ಹೊಟ್ಟೆಕಿಚ್ಚೇನ್ರೀ ನಿಮ್ಗೆ?" ಎಂದರು ಪಾರ್ವತಮ್ಮ.

"ಹೂಂ, ಹೊಟ್ಟೆಕಿಚ್ಚೇ."

ಆದರೆ ಮದ್ದು ಹಿಡಿಯಲಿಲ್ಲ, ಗಡ್ಡೆ ಮತ್ತೆ ಬಂತು. ಸುದ್ದಿ ಕೇಳಿದ ಕ್ಷಣ ಕರಿಬಸವಯ್ಯನವರಿಗೆ ಖುಷಿಯಾಯಿತು, ಆದದ್ದು ನಿಜ. ಬೆನ್ನಿಗೇ ನಾಚಿಕೆಯೂ ಆಯಿತು. ಅಷ್ಟರಲ್ಲಿ ಪ್ರಸಾದರ ಹೆಂಡತಿ, ನಾದಿನಿ ರಂಜನಿಯ ಫೋನು.

"ಭಾವ, ಕೋಶ ತೆಗೀಬೇಕಂತೆ. ರೋಬೋಟಲ್ಲಿ ಮಾಡ್ತಾರಂತೆ, ಕರುಳಿಂದ ಒಳಗೇ ಹೊಸ ಕೋಶ ಹೊಲೀತಾರಂತೆ. ಅದಾಗ್ಲಿಲ್ಲ ಅಂದ್ರೆ ಹೊರಗೆ ಚೀಲ. ಚೀಲ ಅಂದಿದ್ದೇ ತಡ, ಸತ್ರೂ ಒಪ್ಪಲ್ಲ ಅಂತ ಕೂತ್ಬುಟ್ಟವ್ರೆ. ನೀವೊಂದ್ಸಲ ಬನ್ನಿ."

ಕರುಳಿನಿಂದ ಹೊಸ ಕೋಶ! ಅದೂ ಅವನಿಗೇ! ಕರಿಬಸವಯ್ಯ ಗೊಣಗುತ್ತಲೇ ಸ್ಕೂಟರ್ ಹತ್ತಿದರು.

ಪ್ರಸಾದ್ ಗೋಡೆಗೆ ಮುಖ ಮಾಡಿ ಮಲಗಿದ್ದರು. "ಅಣ್ಣ, ಚೀಲ ಕಟ್ಕೊಂಡು ಬದುಕೋದೂ ಒಂದು ಬದುಕಾ?" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

ಕರಿಬಸವಯ್ಯ ಅಂಗಿ ಎತ್ತಿದರು. ರಂಜನಿ ಬಾಗಿಲಲ್ಲೇ ಇದ್ದಳು, ಇರಲಿ ಎಂದುಕೊಂಡರು.

"ಈ ಕಡೆ ತಿರುಗಿ ನೋಡಿ. ನಿಮ್ಮ ಮಗಳ ಮದ್ವೇಲಿ ಪಂಕ್ತಿಗೆ ಬಡಿಸಿದ್ದು ಇದನ್ನ ಇಟ್ಕೊಂಡೇ. ದಿನಾ ಲಿಂಗಪೂಜೆ ಮಾಡೋದೂ ಇದನ್ನ ಇಟ್ಕೊಂಡೇ."

ಪ್ರಸಾದ್ ಹೊರಳಿ ಚೀಲವನ್ನು ನೋಡಿದರು. "ನನ್ನ ಮೇಲೆ ಸಿಟ್ಟೇನೋ ಅಂದ್ಕೊಂಡಿದ್ದೆ, ಅಣ್ಣ."

"ಸಿಟ್ಟಲ್ಲ ಕಣ್ರೀ, ಹೊಟ್ಟೆಕಿಚ್ಚು. ಮನೆಗೆ, ಕಾರಿಗೆ, ಈಗ ಈ ಆಪರೇಷನ್ನಿಗೂ. ಮದ್ವೆ ಆದಾಗಿಂದ ಪಟ್ಕೊಂಡ್ ಬಂದಿವ್ನಿ. ನೀವು ಹೋಗ್ಬುಟ್ರೆ ನಾನಿನ್ಯಾರ ಮೇಲೆ ಪಡ್ಲಿ?"

ಗದರುತ್ತಲೇ ಕರಿಬಸವಯ್ಯ ಅಂಗಿ ಇಳಿಸಿಕೊಂಡರು. ಪ್ರಸಾದ್ ಎದ್ದು ಕುಳಿತರು.

"ರಂಜನಿ, ಡಾಕ್ಟರಿಗೆ ಫೋನ್ ಮಾಡು," ಎಂದರು.