ಟೊಪ್ಪಿಗೆ ನನಗೆ, ಹೂವು ತಮ್ಮನಿಗೆ

"ಆಯೀ, ಈ ಟೊಪಗಿ ಹುಡುಗ ಯಾರು? ಕೋಟಿನೊಳಗ ಮುಳಗಿ ಹೋಗ್ಯಾನ ನೋಡು!"

ಮೊನ್ನೆ ನನ್ನ ಮೊಮ್ಮಗಳು ಸುನೀತಾ ಹಳೆಯ ಆಲ್ಬಂ ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ನಾನು ಕನ್ನಡಕ ಏರಿಸಿ ನೋಡಿದೆ.

"ನಾನು," ಅಂದೆ.

"ನೀನಾ? ಹಂಗಾರ ಪರಕಾರ ಉಟ್ಟು ಹೂ ಮುಡಕೊಂಡಾಳಲ್ಲ, ಈಕಿ?"

"ಆಕಿ ಅಲ್ಲ, ಆಂವ. ಅಲ್ಲಿ ಕುಂತು ಚಹಾ ಕುಡ್ಯಾಕತ್ತಾನ ನೋಡು, ನಿಮ್ಮ ಭರಮು ಅಜ್ಜ."

ನನ್ನ ತಮ್ಮ ಭರಮುವಿಗೆ ಈಗ ಪೊದೆಯಂಥ ಬಿಳಿ ಮೀಸೆ. ಊರಲ್ಲಿ ಜನ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಸುನೀತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಯಾಕೆ ನಗಬಾರದು? ಕೋಟಿನ ತೋಳಿನಿಂದ ನನ್ನ ಬೆರಳು ಸಹ ಹೊರಗೆ ಬಂದಿಲ್ಲ. (ಅದನ್ನು ಹೊಲಿಸಿದ್ದು ನನಗಿಂತ ಚಿಕ್ಕವನಾದ ಭರಮುವಿಗೆ. ಬೆಳೆಯುವ ಹುಡುಗ ಅಂತ ನಮ್ಮ ದರ್ಜಿ ಎಷ್ಟು ವರ್ಷ ಮುಂದೆ ನೋಡಿದ್ದನೋ!)

"ಏನ್ ಅವತಾರ ಅಜ್ಜಾ ಇದು? ಫ್ಯಾನ್ಸಿ ಡ್ರೆಸ್ ಇತ್ತೇನು?"

"ನನಗೇನ್ ಗೊತ್ತವಾ? ನಾ ಆಗ ಸಣ್ಣಾಂವ. ಅಕ್ಕನ್ನ ಕೇಳು."

ಹೇಳಿದೆ. ಕೊಲ್ಲಾಪುರದಲ್ಲಿ ಇನ್ನೂ ಮಹಾರಾಜರ ಆಳ್ವಿಕೆ ಇದ್ದ ಕಾಲ. ನಾವು ಗಡಹಿಂಗ್ಲಜದವರು. ಅಪ್ಪ ಬೆಲ್ಲ ಮಾರಲು ಕೊಲ್ಲಾಪುರಕ್ಕೆ ಹೋಗುತ್ತಿದ್ದ. ಅಲ್ಲಿಯ ವ್ಯಾಪಾರಿಗಳ ಗೋಡೆಯ ಮೇಲೆ ಫೋಟೊ ನೋಡಿ ಬಂದವನಿಗೆ ನಮ್ಮ ಮನೆಯಲ್ಲೂ ಒಂದು ಇರಲೇಬೇಕು ಅಂತ ಹಟ. ಅವ್ವನಿಗೆ ಹೆದರಿಕೆ. ಫೋಟೊ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆ ಅಂತ ಆಗ ನಮ್ಮ ಓಣಿಯೆಲ್ಲ ನಂಬಿತ್ತು. ಅದರಲ್ಲೂ ಗಂಡುಮಕ್ಕಳಿಗೆ. ನನಗಿಂತ ಮುಂಚೆ ಹುಟ್ಟಿದ ಎರಡು ಗಂಡುಕೂಸು ತೊಟ್ಟಿಲಲ್ಲೇ ಹೋಗಿದ್ದವು.

ಅಪ್ಪ ಕೇಳಲಿಲ್ಲ. ಸರ್ವಿಸ್ ಮೋಟಾರು ಹತ್ತಿಸಿ ಎಲ್ಲರನ್ನೂ ಕರೆದುಕೊಂಡು ಹೋದ. ಸ್ಟುಡಿಯೊದ ಪರದೆಯ ಹಿಂದೆ ಅವ್ವ ಸರಸರನೆ ನಮ್ಮಿಬ್ಬರ ಬಟ್ಟೆ ಅದಲು ಬದಲು ಮಾಡಿದಳು. ಕ್ಯಾಮೆರಾದ ಕಣ್ಣು ಗಂಡುಮಗುವನ್ನೇ ಹುಡುಕುತ್ತದಲ್ಲ? ಹುಡುಕಲಿ.

"ಏನಿದು ಮಂಗ್ಯಾನಾಟ?" ಅಂತ ಅಪ್ಪ ರೇಗಿದ.

"ತಗಸೂದಿದ್ರ ಹಿಂಗ ತಗಸ್ರಿ. ಇಲ್ಲಂದ್ರ ನಾ ನನ್ನ ಕೂಸಿನ ಕರಕೊಂಡು ಹೊಕ್ಕೇನಿ."

ಫೋಟೊದವನು ಮರಾಠಿಯವ. "ಮುಲಗಾ ಪುಢೆ ಯೇವೂ ದ್ಯಾ!" ಅಂದ. ಹುಡುಗ ಮುಂದೆ ಬರಲಿ ಅಂತ. ಅವ್ವ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದಳು.

ಸುನೀತಾಳ ನಗು ನಿಂತಿತು. "ಅಂದ್ರ, ಏನರ ಆಗೂದಿದ್ರ ನಿನಗ ಆಗ್ಲಿ ಅಂತ?"

"ಹೂಂ."

ಭರಮು ಕಪ್ಪು ಕೆಳಗಿಟ್ಟ. "ಅಕ್ಕಾ, ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳಿದ್ದಿ?"

"ಆ ಫೋಟೊ ತಗದು ಒಗೀ."

"ಯಾಕ ಒಗೀಲಿ? ಅದರಾಗ ನಾ ಛಲೋ ಕಾಣತೇನಿ."

ಸುಳ್ಳಲ್ಲ. ಹಿತ್ತಾಳೆ ಗುಂಡಿಯ ಕೋಟು ಸಿಕ್ಕ ಖುಷಿಗೆ ಎದೆ ಉಬ್ಬಿಸಿ ನಿಂತಿದ್ದೇನೆ. ನನಗೆ ಅಂತ ಯಾರು ಕೋಟು ಹೊಲಿಸುತ್ತಿದ್ದರು?

ಅವ್ವ ಕೆಟ್ಟವಳೇ? ಎರಡು ಕೂಸು ಮಣ್ಣಿಗಿಟ್ಟವಳ ಬಗ್ಗೆ ಹಾಗೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ಹಾಗಂತ "ಆ ಕಾಲವೇ ಹಾಗಿತ್ತು" ಅಂತ ಕೈ ತೊಳೆದುಕೊಳ್ಳುವುದೂ ನನ್ನಿಂದ ಆಗದು. ನನ್ನನ್ನು ಮುಂದೆ ನೂಕಿದ್ದು ಕಾಲವಲ್ಲ, ಅವಳ ಕೈ. ಇನ್ನೂ ಬೆನ್ನಿಗೆ ಗೊತ್ತಿದೆ.

ಇಬ್ಬರೂ ಬದುಕಿದೆವು. ಮೀಸೆ ಅವನಿಗೆ ಬಂತು, ಮಂಡಿನೋವು ನನಗೆ. ಕ್ಯಾಮೆರಾ ಯಾರನ್ನೂ ತಿನ್ನಲಿಲ್ಲ.

ಒಂದು ಸಂಗತಿ ಅವರಿಬ್ಬರಿಗೂ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ಊರಿಗೆ ಮರಳಿದ ಮೇಲೆ ಅವ್ವ ದಿನಾ ಮುಂಜಾನೆ ನನ್ನ ಹಣೆ ಮುಟ್ಟಿ ನೋಡುತ್ತಿದ್ದಳು. ಭರಮುವಿಗಿಂತ ಮುಂಚೆ ನನ್ನ ರೊಟ್ಟಿಗೆ ತುಪ್ಪ ಹಚ್ಚುತ್ತಿದ್ದಳು. ಮಳೆಗಾಲ ಬರುವ ತನಕ ಹೀಗೇ ನಡೆಯಿತು. ನನಗೇನೂ ಆಗಲಿಲ್ಲ ಅಂತ ಖಾತ್ರಿಯಾದ ಮೇಲೆ ತುಪ್ಪವೂ ನಿಂತಿತು.

ಅವ್ವಾ, ನನಗೆ ಸ್ವಲ್ಪ ಜ್ವರವಾದರೂ ಬಂದಿದ್ದರೆ ಇನ್ನಷ್ಟು ದಿನ ಹಚ್ಚುತ್ತಿದ್ದೆಯಾ?