ಬಿಟ್ಟ ಹೋತ

ಎಡಗಿವಿ—ಅಲ್ಲ, ಎಡಗಿವಿ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ, ಅಷ್ಟೆ. ಕತ್ತರಿ ನನ್ನ ಬಲಗೈಯಲ್ಲಿತ್ತು, ಹೋತದ ಕುತ್ತಿಗೆ ನನ್ನ ಮಂಡಿಗಳ ನಡುವೆ. ಅದು ನನ್ನ ಕಡೆಗೆ ಮುಖ ಮಾಡಿದ್ದರೆ ಎಡಗಿವಿ, ಆಚೆ ಮುಖ ಮಾಡಿದ್ದರೆ ಬಲಗಿವಿ. ಮುಖ ಯಾವ ಕಡೆಗಿತ್ತು? ಗೊತ್ತಾಗುತ್ತಿಲ್ಲ. ಕಿವಿಯ ವಿಷಯ ಹಾಗಿರಲಿ. ಕತ್ತರಿಸುವಾಗ ಅದು ಬನದ ದೈವ ಚೌಡಿಗೆ ಹರಕೆಯೆಂದು ಬಿಟ್ಟ ಹೋತ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕತ್ತರಿಸಿದೆ. ಆಮೇಲೆ ಜನರೆದುರು ನಿಂತು ಗೊತ್ತಿರಲಿಲ್ಲ ಎಂದೆ. ಆ ಸುಳ್ಳಿನ ಭಾರವನ್ನು ಹೊತ್ತವರು ಹೋತದ ಒಡತಿ ಸೇಸಮ್ಮ.

ತೊಂಬತ್ತರ ದಶಕದ ಮಾತು. ನಾನಾಗ ಬಣಕಲ್ ಸಮೀಪದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಕೂಲಿಯವರ ಹಾಜರಿ ಬರೆಯುವುದು, ಕುಯ್ದ ಹಣ್ಣನ್ನು ತೂಗಿಸುವುದು ನನ್ನ ಕೆಲಸ. ಆದರೆ ಭಾನುವಾರ ಬಂತೆಂದರೆ ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ರಸ್ತೆ ಹಿಡಿದು, ಎಕರೆ ಅರ್ಧ ಎಕರೆ ಕಾಫಿ ಇಟ್ಟುಕೊಂಡವರ ಮನೆಗಳ ಕೊಟ್ಟಿಗೆಗಳಲ್ಲಿ ಇಣುಕುತ್ತಿದ್ದೆ. ನಮ್ಮ ಮೇಸ್ತ್ರಿ ಎಲ್ಲರೆದುರೇ ಹೇಳುತ್ತಿದ್ದ: "ರೈಟರ್ರಿಗೆ ಹಾಜರಿ ಬರೆಯೋಕಿಂತ ಆಡಿನ ಹಿಕ್ಕೆ ನೋಡೋದ್ರಲ್ಲೇ ಸುಖ."

ಅದು ಸುಳ್ಳಲ್ಲ. ನನ್ನನ್ನು ಒಂದು ಪ್ರಶ್ನೆ ಹಿಡಿದುಕೊಂಡಿತ್ತು. ಯಾರೋ ಬಯಲುಸೀಮೆಯಿಂದ ದೊಡ್ಡ ಬಿಳಿ ಆಡುಗಳನ್ನು ತಂದು ಈ ಸಣ್ಣ ರೈತರಿಗೆ ಹಂಚಿದ್ದರು. ನೋಡಲು ಕರುವಿನ ಹಾಗಿದ್ದವು. ಪುಷ್ಯ ಮಳೆ ಹಿಡಿದುಕೊಂಡದ್ದೇ ಕೆಮ್ಮು ಶುರುವಾಯಿತು, ಗೊರಸಿನ ಸಂದು ಕೊಳೆಯಿತು, ಒಂದೊಂದಾಗಿ ಮಲಗಿದವು. ಅದೇ ಕೊಟ್ಟಿಗೆಯ ಮೂಲೆಯಲ್ಲಿ ನಮ್ಮ ಕುಳ್ಳ ಕರಿ ಆಡು, ಜಿಗಣೆಯಂಥ ಇಂಬಳ ಕಚ್ಚಿಸಿಕೊಂಡು, ಒದ್ದೆ ಸೊಪ್ಪು ತಿಂದು, ಮರಿಗೆ ಮೊಲೆ ಕೊಡುತ್ತ ನಿಂತಿರುತ್ತಿತ್ತು. ಹೇಗೆ? ಗೊರಸಿನಲ್ಲಿದೆಯೋ, ಪುಪ್ಪುಸದಲ್ಲಿದೆಯೋ, ಚರ್ಮದಲ್ಲಿದೆಯೋ ಆ ಗುಟ್ಟು?

ತಡಕಾಡುತ್ತ ಹೋದಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮನೆಯಲ್ಲಿ ಹುಟ್ಟಿದ ಗಂಡುಮರಿಗಳಲ್ಲಿ ದೊಡ್ಡದು ಮಟನ್ ಅಂಗಡಿಗೆ ಹೋಗುತ್ತಿತ್ತು, ಊನವಿಲ್ಲದ್ದು ಚೌಡಿಗೆ. ತಳಿಗೆ ಉಳಿಯುತ್ತಿದ್ದದ್ದು ಯಾರಿಗೂ ಬೇಡವಾದದ್ದು. ನಾನು ಹೇಳಿದ್ದು ಇಷ್ಟೆ—ಮಳೆಗಾಲ ಗೆದ್ದ ಹೋತವನ್ನು ಉಳಿಸಿಕೊಳ್ಳಿ, ಅದನ್ನು ಮನೆಯಿಂದ ಮನೆಗೆ ಒಯ್ಯೋಣ, ಹುಟ್ಟಿದ ಮರಿಗಳನ್ನು ಗಮನಿಸೋಣ. ಕೆಲವರು ಒಪ್ಪಿದರು. ಆರಿಸಿದ ಹೋತದ ಕಿವಿಯಂಚಿಗೆ ಕತ್ತರಿಯಿಂದ ಸಣ್ಣ ಗುರುತು ಹಾಕುತ್ತಿದ್ದೆ. ಕುತ್ತಿಗೆಗೆ ಕಟ್ಟಿದ್ದೆಲ್ಲ ಬೇಲಿಗೆ ಸಿಕ್ಕಿ ಹರಿದುಹೋಗುತ್ತಿತ್ತು. ಕಿವಿ ಎಲ್ಲಿಗೂ ಹೋಗುವುದಿಲ್ಲವಲ್ಲ.

ಹಾಗೆ ಗುರುತು ಹಾಕಲು ಹೋದಾಗಲೇ ಒಂದು ಮನೆಯ ಅಜ್ಜಿ ನನ್ನ ಕೈ ಹಿಡಿದಿದ್ದರು. "ಇದಕ್ಕೆ ಬೇಡ ಮಾರಾಯ್ರೆ. ಕಿವಿ ಹರಿದಿದ್ದು ಚೌಡಿಗೆ ನಡೆಯಲ್ಲ." ಆದ್ದರಿಂದ ಆ ನಿಯಮ ನನಗೆ ತಿಳಿದಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಸೇಸಮ್ಮನ ಹೋತವನ್ನು ಮೊದಲು ನೋಡಿದ್ದು ಜಡಿಮಳೆಯಲ್ಲಿ. ಕಪ್ಪು ಮೈ, ಕುಳ್ಳ ಕಾಲು, ಎದೆ ಮಾತ್ರ ಅಗಲ. ಅಕ್ಕಪಕ್ಕದ ಮನೆಗಳ ಆಡುಗಳೆಲ್ಲ ಕುಂಟುತ್ತಿದ್ದ ವಾರ ಅದು ಜಗಲಿಯ ಮೇಲೆ ಹತ್ತಿ ನಿಂತು ನನ್ನ ಕೊಡೆಯ ತುದಿ ಜಗಿಯಿತು. ನನಗೆ ಬೇಕಾದದ್ದು ಸಿಕ್ಕಿತು ಅನಿಸಿತು. ಸೇಸಮ್ಮ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಹುಲ್ಲಿನ ಹೊರೆ ಇಳಿಸುತ್ತಿದ್ದರು.

"ಇದನ್ನ ಸ್ವಲ್ಪ ದಿನ ಕೊಡಿ ಸೇಸಮ್ಮ, ನಾಲ್ಕು ಮನೆ ಆಡಿಗೆ ಬಿಡ್ಸಿ ತರ್ತೀನಿ," ಎಂದೆ.

"ಅದು ಬಿಟ್ಟಿದ್ದು ರೈಟರ್ರೇ. ನೋಡಿ, ಹೆಂಗೆ ಮೆರೀತದೆ," ಎಂದರು ನಗುತ್ತ. "ತಗೊಂಡ್ ಹೋಗಿ. ಜೋಪಾನ."

ಬಿಟ್ಟಿದ್ದು. ಈ ಮಾತನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಬೀಜ ಒಡೆಯದೆ ತಳಿಗೆ ಉಳಿಸಿಕೊಂಡ ಹೋತಕ್ಕೂ ಇಲ್ಲಿ ಬಿಟ್ಟದ್ದು ಎನ್ನುತ್ತಾರೆ, ದೈವಕ್ಕೆ ಹರಕೆ ಹೊತ್ತದ್ದಕ್ಕೂ ಬಿಟ್ಟದ್ದು ಎನ್ನುತ್ತಾರೆ. ಎರಡರಲ್ಲಿ ನನಗೆ ಬೇಕಾದದ್ದನ್ನು ನಾನು ಕೇಳಿಸಿಕೊಂಡೆ—ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಸೇಸಮ್ಮನ ಗಂಡ ಮಂಜಯ್ಯ ಕಾಳುಮೆಣಸು ಕುಯ್ಯುವಾಗ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಬಿದ್ದು ತಿಂಗಳುಗಟ್ಟಲೆ ಮಲಗಿದ್ದು ಗೊತ್ತಿತ್ತು. ಎದ್ದು ನಡೆದರೆ ಇದೇ ಹೋತವನ್ನು ಕೊಡುತ್ತೇನೆಂದು ಸೇಸಮ್ಮ ಹೆಸರು ಹಿಡಿದು ಹರಕೆ ಹೊತ್ತದ್ದನ್ನು ಮೇಸ್ತ್ರಿ ನನಗೆ ಹೇಳಿದ್ದ. ಮಂಜಯ್ಯ ಎದ್ದು ನಡೆಯುತ್ತಿದ್ದ. ಹೋತದ ಕೊರಳಲ್ಲಿ ಅರಿಸಿನದ ದಾರವಿತ್ತು. ಇತ್ತೇ? ದಾರವನ್ನು ನನ್ನ ನೆನಪು ಆಮೇಲೆ ಕಟ್ಟಿರಲೂಬಹುದು. ದಾರ ಇಲ್ಲದಿದ್ದರೂ ನನಗೆ ಗೊತ್ತಿತ್ತು.

ಕಾಫಿ ಕುಯ್ಲು ಮುಗಿದ ಮೇಲೆ ಅವರ ಕುಟುಂಬದವರು ಹರಕೆಯ ಬಲಿ ಕೊಡಲು ಚೌಡಿಬನದಲ್ಲಿ ಸೇರುತ್ತಾರೆ. ಅಷ್ಟರೊಳಗೆ ಹೋತಕ್ಕೆ ಊನವಾದರೆ ಅದು ಬದುಕುತ್ತದೆ, ಮರಿಗಳು ಹುಟ್ಟುತ್ತವೆ, ನನ್ನ ಪ್ರಶ್ನೆಗೆ ಉತ್ತರ ಸಿಗುತ್ತದೆ. ಎಸ್ಟೇಟಿನ ಗೋದಾಮಿನ ಹಿಂದೆ ಅದನ್ನು ಮಂಡಿಗಳ ನಡುವೆ ಹಿಡಿದುಕೊಂಡೆ. ಕತ್ತರಿ ಮುಚ್ಚಿತು. ಹೋತ ಒಂದೇ ಸಲ ಕೂಗಿತು.

ವಾಪಸು ಒಯ್ದು ಕೊಟ್ಟಾಗ ಸೇಸಮ್ಮ ಕಿವಿಯನ್ನು ಬೆರಳಲ್ಲಿ ಮಡಚಿ ನೋಡಿದರು. "ಎಂತ ಮಾಡಿದ್ರಿ ಮಾರಾಯ್ರೆ ಇದು..."

"ಎಲ್ಲದಕ್ಕೂ ಹಾಕ್ತೀನಲ್ಲ, ಗುರುತು."

ಅವರು ಹೋತವನ್ನು ಒಳಗೆ ಎಳೆದುಕೊಂಡು ಹೋದರು. ಬನದಲ್ಲಿ ಸೇರಿದ ದಿನ ನನಗೆ ಕರೆ ಬಂತು. ಮಂಜಯ್ಯನ ಅಣ್ಣ ಲಕ್ಷ್ಮಯ್ಯ ಮನೆಗೆ ಹಿರಿಯರು, ಪೂಜೆ ಅವರದ್ದೇ. ಮರದ ಬುಡದಲ್ಲಿ ಹೋತವನ್ನು ಕಟ್ಟಿದ್ದರು, ಅದು ಪೂಜೆಗಿಟ್ಟ ಬಾಳೆಎಲೆಯನ್ನು ಎಳೆದು ತಿನ್ನುತ್ತಿತ್ತು.

"ನಿಮ್ಮನ್ನ ಬೈಯೋಕೆ ಕರೆದಿದ್ದಲ್ಲ ರೈಟರ್ರೇ," ಎಂದರು ಲಕ್ಷ್ಮಯ್ಯ. "ಒಂದೇ ಮಾತು. ಇದು ಚೌಡಿಗೆ ಬಿಟ್ಟಿದ್ದು ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿರಲಿಲ್ಲ. ಇವ್ರು ಹೇಳ್ಲೇ ಇಲ್ಲ."

ಎರಡು ಸಣ್ಣ ವಾಕ್ಯ. ಮೊದಲನೆಯದು ನನ್ನನ್ನು ಉಳಿಸಿಕೊಳ್ಳಲು ಸಾಕಿತ್ತು. ಎರಡನೆಯದು ಯಾಕೆ ಬೇಕಿತ್ತು?

ಲಕ್ಷ್ಮಯ್ಯ ಸೇಸಮ್ಮನ ಕಡೆ ತಿರುಗಿದರು. "ಎಲೆಅಡಿಕೆ ಜಗಿಯೋಕೆ ಬಾಯಿ ಬರ್ತದೆ, ಹರಕೆ ಹೋತ ಅಂತ ಒಂದ್ಮಾತು ಹೇಳೋಕೆ ಬರಲ್ಲ ಅಲ್ವಾ?" ಹಿಂದೆ ನಿಂತಿದ್ದವರು ಯಾರೋ ನಕ್ಕರು.

"ಹೇಳಿದ್ದೆ ಭಾವ..." ಎಂದು ಶುರುಮಾಡಿದ ಸೇಸಮ್ಮ ನನ್ನನ್ನು ನೋಡಿದರು. ಆಮೇಲೆ ನೆಲ ನೋಡಿದರು. "ಸರಿಯಾಗಿ ಹೇಳ್ಲಿಲ್ಲ ಅಂತ ಕಾಣ್ತದೆ."

ಹೆಸರು ಹಿಡಿದು ಹೊತ್ತ ಹರಕೆಗೆ ಬೇರೆ ಹೋತ ಆಗುವುದಿಲ್ಲ. ಪ್ರತಿವರ್ಷ ಚೌಡಿಗೆ ಎಡೆ ಮಾಡಿ ಬಡಿಸುತ್ತಿದ್ದವರು ಸೇಸಮ್ಮ. ಅಂದಿನಿಂದ ಆ ಕೆಲಸ ವಾರಗಿತ್ತಿಗೆ ಹೋಯಿತು. ಹರಕೆ ತೀರಿಸದವರು ಒಳಗೆ ಬರುವಂತಿಲ್ಲ; ಸೇಸಮ್ಮ ಬನದ ಕಲ್ಲುಕಟ್ಟೆಯ ಹೊರಗೆ ನಿಂತು, ಹಳದಿ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ, ಬೇರೆಯವರ ಕೈಯಲ್ಲಿ ಒಳಗೆ ಕಳಿಸುತ್ತಿದ್ದರು. ನಾನು ಮಾಡಿದ ತಪ್ಪಿಗೆ ಅವರ ಕಾಣಿಕೆ, ವರ್ಷ ವರ್ಷವೂ. ಮಳೆಗಾಲದಲ್ಲಿ ಮಂಜಯ್ಯನ ಕಾಲು ನೋಯುತ್ತಿತ್ತು—ಮುರಿದ ಮೂಳೆ, ನೋಯುತ್ತದೆ. ಆದರೆ ಅವನು ಕಾಲು ನೀವಿಕೊಂಡಾಗಲೆಲ್ಲ ಸೇಸಮ್ಮ ಮೊದಲು ಆ ಕಾಲನ್ನು, ಆಮೇಲೆ ಹೋತವನ್ನು ನೋಡುವುದನ್ನು ನಾನು ಕಂಡಿದ್ದೇನೆ. ಮಂಜಯ್ಯನಿಗೆ ಎಲ್ಲವೂ ತಮಾಷೆ. "ನನ್ ಕಾಲಿಗೂ ಒಂದು ಗುರುತು ಹಾಕ್ಬಿಡಿ ರೈಟರ್ರೇ, ಚೌಡಿ ನನ್ನೂ ಬೇಡ ಅನ್ಲಿ," ಎನ್ನುತ್ತಿದ್ದ. ನಾನು ನಗುತ್ತಿದ್ದೆ. ನಕ್ಕಿದ್ದೇನೆ, ಹೌದು.

ಹೋತ ಬಹಳ ವರ್ಷ ಬದುಕಿತು. ಅದರ ಮರಿಗಳು ಸುತ್ತಲಿನ ಕೊಟ್ಟಿಗೆಗಳಲ್ಲಿ ತುಂಬಿಕೊಂಡವು. ಜನ ಅವನ್ನು ಹುಡುಕಿಕೊಂಡು ಬರತೊಡಗಿದರು. ಆಮೇಲೆ ಒಂದು ವಿಚಿತ್ರ ನಡೆಯಿತು. ಕಿವಿ ಹರಿದ ಆಡು ಎಂದರೆ ಮಳೆ ತಡೆಯುವ ಆಡು ಎಂಬ ಮಾತು ಹಬ್ಬಿ, ಮಾರುವವರು ಯಾವ ಯಾವುದೋ ಮರಿಯ ಕಿವಿಗೂ ಕತ್ತರಿ ಹಾಕಿದರು. ಯಾವುದು ಯಾರ ಮರಿ ಎಂದು ತಿಳಿಯುವ ದಾರಿ ಮುಚ್ಚಿತು.

ಇನ್ನೊಂದು ಅನುಮಾನ ತಡವಾಗಿ ಬಂತು, ಬಂದದ್ದು ಹೋಗಲಿಲ್ಲ. ಆ ಹೋತ ಯಾಕೆ ಅಷ್ಟು ಗಟ್ಟಿಯಾಗಿತ್ತು? ಚೌಡಿಯದು ಎಂದು ಸೇಸಮ್ಮ ಅದನ್ನು ಬೇರೆ ಆಡುಗಳ ಜೊತೆ ಒದ್ದೆ ನೆಲದ ಮೇಲೆ ಕಟ್ಟುತ್ತಿರಲಿಲ್ಲ. ಒಲೆಯ ಹಿಂದಿನ ಬೆಚ್ಚಗಿನ ಜಾಗ ಅದರದ್ದು. ಮೊದಲ ಸೊಪ್ಪು ಅದಕ್ಕೆ. ಮಳೆ ಹನಿದರೆ ಜಗಲಿಗೆ ಬರಬಹುದಾಗಿದ್ದ ಆಡು ಅದೊಂದೇ. ಹಾಗಾದರೆ ನಾನು ರಕ್ತದಲ್ಲಿ ಹುಡುಕಿದ್ದು ಬರೀ ಒಂದು ಒಣಗಿದ ಮೂಲೆಯೇ? ಬಿಟ್ಟದ್ದರಿಂದಲೇ ಅದು ಗಟ್ಟಿಯಾಗಿತ್ತೇ? ಆದರೆ ಮರಿಗಳಲ್ಲೂ ಕೆಲವು ಮಳೆ ಗೆದ್ದವು. ಕೆಲವು ಸತ್ತವು. ಅದು ರಕ್ತದ್ದೇ ಗುಣ ಎಂದು ಹೇಳಲು ಎಷ್ಟು ಮರಿ ಗೆದ್ದರೆ ಸಾಕು?

ಕೆಲಸ ಬಿಟ್ಟ ಮೇಲೆ ಆ ಕಡೆ ಹೋಗುವುದು ಕಡಿಮೆಯಾಯಿತು. ಹೋದ ಮಳೆಗಾಲ ಮುಗಿದ ಮೇಲೆ ಕಳಸಕ್ಕೆ ಹೊರಟವನು ನಡುವೆ ಬಸ್ಸು ಇಳಿದೆ. ಸೇಸಮ್ಮನ ಕೂದಲು ಬೆಳ್ಳಗಾಗಿದೆ. ಮಂಜಯ್ಯ ಕೋಲು ಹಿಡಿದಿದ್ದಾನೆ, ನಡೆಯುತ್ತಾನೆ. ಕೊಟ್ಟಿಗೆಯಲ್ಲಿ ಮರಿಗಳಿದ್ದವು, ಎಲ್ಲವೂ ಕಪ್ಪು, ಕುಳ್ಳ. ಎಲ್ಲದರ ಕಿವಿಯಂಚಿನಲ್ಲೂ ಚೊಕ್ಕವಾದ ಸಣ್ಣ ಗುರುತು.

"ಇದೆಂತ ಸೇಸಮ್ಮ, ನೀವೂ ಹಾಕೋಕೆ ಶುರುಮಾಡಿದ್ರಾ?"

"ನೀವೇ ಕಲಿಸಿದ್ದಲ್ವಾ."

"ಮಾರೋಕಾ?"

"ಮಾರೋಕೆಂತಕ್ಕೆ! ಹಾಕಿಟ್ರೆ ಬಲಿಗೆ ಅಂತ ಯಾರೂ ಕೇಳಲ್ಲ ಮಾರಾಯ್ರೆ. ಭಾವನೂ ಕೇಳಲ್ಲ, ಚೌಡಿನೂ ಕೇಳಲ್ಲ," ಎಂದು ಅವರು ನಕ್ಕರು. ಮರಿಯೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟರು, ಬೆಚ್ಚಗಿತ್ತು.

ಅಂದಿನಿಂದ ಒಂದು ಊಹೆ ನನ್ನ ಬೆನ್ನು ಬಿಟ್ಟಿಲ್ಲ. ಸೇಸಮ್ಮನಿಗೂ ಆ ಹೋತ ಸಾಯುವುದು ಬೇಕಿರಲಿಲ್ಲವೇನೋ. ಕತ್ತರಿ ಹಿಡಿದು ತಿರುಗುವ ನನ್ನ ಕೈಗೆ ಅದನ್ನು ಕೊಟ್ಟದ್ದು, ಆ ಎರಡರ್ಥದ ಮಾತನ್ನೇ ಆಡಿದ್ದು—ಬೇಕೆಂದೇ ಇರಬಹುದೇನೋ. ಈ ಊಹೆ ನನಗೆ ತೀರ ಅನುಕೂಲವಾಗಿದೆ. ಅದಕ್ಕೇ ಇದನ್ನು ನಂಬಲಾರೆ. ನಗು ಏನೇ ಹೇಳಲಿ, ಕಲ್ಲುಕಟ್ಟೆಯ ಹೊರಗೆ ನಿಂತವರು ಅವರು. ಒಳಗೆ ಕರೆಸಬಹುದಾಗಿದ್ದ ಮಾತು ನನ್ನ ಬಾಯಲ್ಲಿತ್ತು, ನಾನು ಆಡಲಿಲ್ಲ.

ಇಲ್ಲಿ ಬರೆಯುವುದು ಸುಲಭ, ಓದುವ ನಿಮಗೆ ಸೇಸಮ್ಮ ಯಾರೋ. ಆ ಮಾತನ್ನು ಹೇಳಬೇಕಾದದ್ದು ಬನದಲ್ಲಿ, ಲಕ್ಷ್ಮಯ್ಯನ ಎದುರು, ಅಂದು ನಕ್ಕವರ ಎದುರು. ಈ ಸಲ ಕುಯ್ಲು ಮುಗಿದ ಮೇಲೆ ಹೋಗುತ್ತೇನೆ. ಅವರು ನನ್ನನ್ನು ಏನು ಮಾಡುತ್ತಾರೋ, ಸೇಸಮ್ಮ ಮತ್ತೆ ಎಡೆ ಬಡಿಸುತ್ತಾರೋ, ಬಡಿಸಲು ಅವರಿಗೆ ಈಗ ಮನಸ್ಸಿದೆಯೋ, ತಿಳಿಯದು.

ಅಂದು ಕೊಟ್ಟಿಗೆಯಲ್ಲಿ ಮರಿಯನ್ನು ಕೆಳಗೆ ಬಿಡುವಾಗ ಗಮನಿಸಿದೆ. ಅವರು ಗುರುತು ಹಾಕಿದ್ದು ಬಲಗಿವಿಗೆ, ಎಲ್ಲ ಮರಿಗಳಿಗೂ ಬಲಗಿವಿಗೇ. ನಾನು ಕತ್ತರಿಸಿದ ಕಿವಿಯನ್ನೇ ನೋಡಿ ಕಲಿತರೋ, ನನ್ನದಲ್ಲದ ಕಿವಿಯನ್ನೇ ಬೇಕೆಂದು ಆರಿಸಿಕೊಂಡರೋ, ನನಗೆ ಗೊತ್ತಿಲ್ಲ. ಅವರಿಗೆ ನನ್ನ ಸುಳ್ಳು ಅಂದೇ ಗೊತ್ತಾಗಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳಲಿಲ್ಲ.